ಹನ್ನೊಂದು ನಾಲಿಗೆಗಳ ಸಾಕ್ಷಿ

ಕಲ್ಲು ನೆಕ್ಕುವವರಲ್ಲಿ ಎರಡು ಬಗೆ. ಒಂದು, ವರ್ಷ ತುಂಬದ ಕೂಸುಗಳು. ಇನ್ನೊಂದು, ನಮ್ಮೂರಿನ ಕಲ್ಲು, ಖನಿಜ ಮತ್ತು ಪಳೆಯುಳಿಕೆ ಸಂಗ್ರಾಹಕರ ಸಂಘದವರು. ಕೂಸುಗಳ ಬಾಯಿಂದ ಕಲ್ಲು ಕಿತ್ತುಕೊಳ್ಳಲು ತಾಯಂದಿರಿರುತ್ತಾರೆ. ಸಂಘದವರಿಗೆ ಹೇಳುವವರು ಕೇಳುವವರು ಯಾರೂ ಇಲ್ಲ.

ನೆಕ್ಕುವುದಕ್ಕೆ ಕಾರಣ ಇದೆಯಂತೆ. ಮಣ್ಣಿನಲ್ಲಿ ಸಿಕ್ಕಿದ್ದು ಬರೀ ಕಲ್ಲೋ, ಕಲ್ಲಾಗಿ ಹೋದ ಮೂಳೆಯೋ ತಿಳಿಯಬೇಕಾದರೆ ನಾಲಿಗೆ ತಾಗಿಸಿ ನೋಡಬೇಕು. ಕಲ್ಲಾದರೆ ನಾಲಿಗೆ ಜಾರುತ್ತದೆ. ಹಳೆಯ ಮೂಳೆಯಾದರೆ ಅದರ ಸಣ್ಣ ಸಣ್ಣ ತೂತುಗಳು ಎಂಜಲು ಹೀರಿಕೊಂಡು ನಾಲಿಗೆಯನ್ನು ಗಪ್ಪನೆ ಹಿಡಿದುಕೊಳ್ಳುತ್ತವೆ. ಒಬ್ಬರು ನೆಕ್ಕಿದರೆ ಸಾಲದು. ಸಂಘದ ಹನ್ನೊಂದು ಜನ ಸದಸ್ಯರೂ ಸಾಲಾಗಿ ನೆಕ್ಕಿ ಪುಸ್ತಕದಲ್ಲಿ ಸಹಿ ಹಾಕಿದರೆ ಮಾತ್ರ ಅದು ಪಳೆಯುಳಿಕೆ.

ಸಂಘ ಇರುವುದು ಇಸ್ತ್ರಿ ಅಂಗಡಿಯ ಮೇಲಿನ ಕೋಣೆಯಲ್ಲಿ. ಕೆಳಗಿನ ಆವಿಗೆ ನೆಲ ಸದಾ ಬೆಚ್ಚಗಿರುತ್ತದೆ. ಗೋಡೆಗೆ ಮೂರು ಗಾಜಿನ ಕಪಾಟು, ಒಳಗೆ ರಟ್ಟಿನ ಡಬ್ಬಿಗಳಲ್ಲಿ ಹತ್ತಿಯ ಮೇಲೆ ಮಲಗಿಸಿದ ಕಲ್ಲುಗಳು. ಪ್ರತಿಯೊಂದಕ್ಕೂ ಒಂದು ಚೀಟಿ: ಏನು, ಎಲ್ಲಿ ಸಿಕ್ಕಿತು, ಯಾವತ್ತು, ಯಾರಿಗೆ. ಚೀಟಿ ಇಲ್ಲದ ಕಲ್ಲು ಜಲ್ಲಿ ಎಂಬುದು ಸಂಘದ ಮೊದಲ ನಿಯಮ. ಚೀಟಿ ಇರುವ ಜಲ್ಲಿ ಏನಾಗುತ್ತದೆ ಎಂದು ನಿಯಮದಲ್ಲಿ ಬರೆದಿಲ್ಲ. ಮೂರೂ ಕಪಾಟು ನೋಡಿದರೆ ತಿಳಿಯುತ್ತದೆ.

ಚೀಟಿ ಬರೆಯುವವಳು ನಾನು. ಏಳನೆಯದಕ್ಕೇ ಶಾಲೆ ಬಿಟ್ಟರೂ ಅಕ್ಷರ ದುಂಡಗಿದೆ, ಮೇಲಾಗಿ ಪ್ರಶ್ನೆ ಕೇಳುವುದಿಲ್ಲ ಎಂದು ಅಧ್ಯಕ್ಷರು ನನ್ನನ್ನು ಗೊತ್ತುಮಾಡಿದರು. ಅಧ್ಯಕ್ಷರು ಹಲ್ಲಿನ ಡಾಕ್ಟರು. ವಾರವೆಲ್ಲ ನಾನು ಅವರ ಕ್ಲಿನಿಕ್ಕಿನಲ್ಲೇ ಕೆಲಸ ಮಾಡುವುದು. ಹಲ್ಲು ಕಟ್ಟಿಸಿಕೊಳ್ಳುವವರು ಮೊದಲು ಒಂದು ತಟ್ಟೆ ಅಂಟನ್ನು ಮೂರು ನಿಮಿಷ ಅಲ್ಲಾಡದೆ ಕಚ್ಚಿಕೊಂಡಿರಬೇಕು. ಆ ಗುರುತಿನೊಳಗೆ ನಾನು ಪ್ಲಾಸ್ಟರ್ ಕಲಸಿ ಸುರಿದು, ಗಟ್ಟಿಯಾದ ಮೇಲೆ ಬಿಡಿಸಿದರೆ ಅವರ ದವಡೆ ಇದ್ದ ಹಾಗೇ ಬರುತ್ತದೆ. ಡಾಕ್ಟರು ಪ್ಲಾಸ್ಟರ್ ಮುಟ್ಟಿ ಹನ್ನೆರಡು ವರ್ಷವಾಯಿತು. ಕೈ ಬಿಳಿಯಾಗುವ ಕೆಲಸ ಅವರ ಮರ್ಯಾದೆಗೆ ಕಮ್ಮಿ.

ನಾನಿರುವುದು ಮಾವನ ಮನೆಯಲ್ಲಿ. ಮಾವ ಎಂದರೆ ನನ್ನ ಅಮ್ಮನ ಅಣ್ಣ. ಮನೆಮನೆಗೆ ಹೋಗಿ ನೀರಿನ ಮೀಟರ್ ಓದುವುದು ಅವರ ಕೆಲಸ. ಮೀಟರ್ ಓದಲು ಅರ್ಧ ನಿಮಿಷ ಸಾಕು. ಮಾವ ಒಂದು ಮನೆಗೆ ಇಪ್ಪತ್ತು ನಿಮಿಷ ತೆಗೆದುಕೊಳ್ಳುತ್ತಾರೆ. ಉಳಿದ ಹತ್ತೊಂಬತ್ತೂವರೆ ನಿಮಿಷ ಮಾತು. ಅವರು ಬೀದಿಯ ತುದಿಯಲ್ಲಿ ಕಾಣಿಸಿದರೆ ಜನ ನಲ್ಲಿ ನಿಲ್ಲಿಸಿ ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಾರೆ. ನೀರು ಉಳಿತಾಯವಾಗುತ್ತಿದೆ ಎಂದು ಕಚೇರಿಯವರು ಒಮ್ಮೆ ಅವರಿಗೆ ಪ್ರಶಂಸಾಪತ್ರ ಕೊಟ್ಟಿದ್ದೂ ಉಂಟು.

ಇಂಥ ಮಾವ ನಾಲ್ಕು ವರ್ಷದಿಂದ ಸಂಘದಲ್ಲಿ ಅತಿಥಿ ಸದಸ್ಯರು. ಅತಿಥಿ ಸದಸ್ಯರು ಸಭೆಗೆ ಬರಬಹುದು, ಕುರ್ಚಿ ಜೋಡಿಸಬಹುದು, ಟೀ ಹಂಚಬಹುದು. ಮಾತಾಡುವ ಹಾಗಿಲ್ಲ. ನಾಲ್ಕು ವರ್ಷ ಮಾವ ತಿಂಗಳಿಗೆ ಎರಡು ಗಂಟೆ ಬಾಯಿ ಮುಚ್ಚಿ ಕೂತರು. ಆ ಎರಡು ಗಂಟೆಯ ಬಾಕಿಯನ್ನು ಮನೆಗೆ ಬಂದು ಅತ್ತೆಯ ಮೇಲೆ ತೀರಿಸಿಕೊಂಡರು. ಕಾಯಂ ಸದಸ್ಯರಾಗಬೇಕಾದರೆ ಸ್ವಂತ ಕೈಯಿಂದ ಅಗೆದ ಒಂದು ಪಳೆಯುಳಿಕೆ ತರಬೇಕು. ಸದಸ್ಯರಾದರೆ ಹಿತ್ತಾಳೆಯ ಬ್ಯಾಡ್ಜು, ಕೈಯಿರುವ ಕುರ್ಚಿ, ಸಭೆಯಲ್ಲಿ ಮಾತಾಡುವ ಹಕ್ಕು. ಐದನೇ ವಾರ್ಷಿಕ ಪ್ರದರ್ಶನದೊಳಗೆ ತರದಿದ್ದರೆ ಹೆಸರು ಹೊಡೆದುಹಾಕುತ್ತಾರೆ, ಮತ್ತೆ ಅರ್ಜಿ ಹಾಕುವಂತಿಲ್ಲ. ಐದನೇ ಪ್ರದರ್ಶನಕ್ಕೆ ಇನ್ನು ಮೂರು ವಾರ ಇತ್ತು. ಮಾವ ಅಷ್ಟರಲ್ಲಾಗಲೇ ತಮ್ಮ ಮೊದಲ ಭಾಷಣ ಬರೆದು ಅತ್ತೆಗೆ ಆರು ಸಲ ಓದಿ ಹೇಳಿದ್ದರು. ಅತ್ತೆ ಬಟ್ಟೆ ಹೊಲಿಯುತ್ತಾರೆ. ಮಾವ ಶುರುಮಾಡಿದ ಕೂಡಲೇ ಮೆಷಿನ್ನಿನ ಪೆಡಲು ಜೋರಾಗಿ ತುಳಿಯುತ್ತಾರೆ.

ಆ ಭಾನುವಾರ ಸಂಘದವರು ಊರಾಚೆಯ ಕ್ವಾರಿ ಗುಂಡಿಗೆ ಹೋದರು, ಚೀಟಿ ಬರೆಯಲು ಜೊತೆಗೆ ನಾನೂ. ಕಲ್ಲು ತೆಗೆಯುವುದು ನಿಂತ ಮೇಲೆ ಅದರ ಒಂದು ಮೂಲೆಗೆ ಊರಿನವರು ಒಡೆದ ಗೋಡೆ, ಹಳೆ ಟೈಲ್ಸು ತಂದು ಸುರಿಯುತ್ತಾರೆ. ಕಾಯಂ ಸದಸ್ಯರು ಒಳ್ಳೆಯ ಬಂಡೆಗಳನ್ನೆಲ್ಲ ಹಂಚಿಕೊಂಡು ಮಾವನಿಗೆ ಆ ಮೂಲೆ ಕೊಟ್ಟರು. ಮಾವ ಅಗೆದರು. ಮಧ್ಯಾಹ್ನದ ಹೊತ್ತಿಗೆ ಕೆಂಪು ಮಣ್ಣಿನಿಂದ ಒಂದು ವಸ್ತು ಎದ್ದುಬಂತು. ಲಾಳದಾಕಾರ, ಕಂದು ಬಣ್ಣ, ಮೇಲೆ ಸಾಲಾಗಿ ಹಲ್ಲು.

ಮಾವ ಕೂಗಿದರು. ಹನ್ನೊಂದು ಜನ ಬಂದರು. ಡಾಕ್ಟರು ಭೂತಗನ್ನಡಿ ಹಿಡಿದು ನೋಡಿದರು, ನಾಲಿಗೆ ಚಾಚಿದರು, ತಾಗಿಸಿದರು. ನಾಲಿಗೆ ಅಂಟಿತು. ಬಿಡಿಸಿಕೊಳ್ಳಲು ಅವರು ಸ್ವಲ್ಪ ಕಷ್ಟಪಡಬೇಕಾಯಿತು. ಆಮೇಲೆ ಪ್ರೆಸ್ಸಿನವರು ನೆಕ್ಕಿದರು. ಅವರು ಮದುವೆ ಕಾರ್ಡು ಮುದ್ರಿಸುವವರು, ಸಂಘದ ಕಾರ್ಯದರ್ಶಿ. ಆಮೇಲೆ ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ಆಮೇಲೆ ಉಳಿದವರು. ಪ್ರತಿ ರೋಗಿಗೂ ಮೂರು ಸಲ ಬಾಯಿ ಮುಕ್ಕಳಿಸಲು ಹೇಳುವ ಡಾಕ್ಟರು ಖಾತ್ರಿಪಡಿಸಿಕೊಳ್ಳಲು ಕೊನೆಗೆ ಇನ್ನೊಮ್ಮೆ ನೆಕ್ಕಿದರು. ಹನ್ನೊಂದು ಸಹಿ ಬಿತ್ತು. ವಸ್ತುವಿನ ವಯಸ್ಸು ಐವತ್ತು ಸಾವಿರ ವರ್ಷ ಎಂದರು ಮೇಷ್ಟ್ರು. ಮೂವತ್ತು ಸಾವಿರ ಎಂದರು ಪ್ರೆಸ್ಸಿನವರು. ಜಗಳ ಬೇಡವೆಂದು ನಲವತ್ತಕ್ಕೆ ತೀರ್ಮಾನಿಸಿದರು.

ಚೀಟಿ ಬರೆಯಲು ಅದನ್ನು ನನ್ನ ಕೈಗೆ ಕೊಟ್ಟಾಗ ನಾನು ತಿರುಗಿಸಿ ನೋಡಿದೆ. ತಳದಲ್ಲಿ ಮೂರು ಕತ್ತರಿ ಗುರುತು.

ಆ ಗುರುತು ನನ್ನದು. ರೋಗಿ ಅಲ್ಲಾಡಿ ಅಂಟಿನ ಗುರುತು ಕೆಟ್ಟುಹೋದರೆ ಮತ್ತೆ ಕಚ್ಚಿಸಬೇಕು. ಎಷ್ಟು ಸಲ ಕೆಟ್ಟಿತೋ ಅಷ್ಟು ಕತ್ತರಿ ಗುರುತನ್ನು ಕೊನೆಗೆ ಬಂದ ಅಚ್ಚಿನ ತಳದಲ್ಲಿ ಮೊಳೆಯಿಂದ ಗೀರುವುದು ನನ್ನ ರೂಢಿ. ಒಂದು ಗುರುತಿನವರು ಬಹಳ ಜನ ಇದ್ದಾರೆ. ಎರಡು ಗುರುತಿನವರು ನಾಲ್ಕೈದು. ಮೂರು ಗುರುತಿನವರು ಕ್ಲಿನಿಕ್ಕಿನ ಚರಿತ್ರೆಯಲ್ಲೇ ಒಬ್ಬರು. ಎರಡು ವರ್ಷದ ಹಿಂದೆ ಬಾಯಿಯಲ್ಲಿ ಉಳಿದಿದ್ದ ಹಲ್ಲಿನ ಅಚ್ಚು ಕೊಟ್ಟು, ಆಮೇಲೆ ಅವನ್ನೆಲ್ಲ ಕೀಳಿಸಿ ಪೂರಾ ಸೆಟ್ಟು ಹಾಕಿಸಿಕೊಂಡ ನನ್ನ ಮಾವ. ಅದೇ ವರ್ಷ ಕ್ಲಿನಿಕ್ಕಿನ ಗೋಡೆ ಒಡೆದು ಅಗಲ ಮಾಡಿದರು. ಅದರ ಮಣ್ಣು ಹೋದದ್ದು ಈ ಗುಂಡಿಗೇ.

ನಾನು ಬಾಯಿ ತೆರೆದೆ. ಡಾಕ್ಟರೇ, ಇದು, ಎಂದೆ. ಚೀಟಿ ನಿಧಾನಕ್ಕೆ ಬರಿ, ಕೈ ನಡುಗಿಸಬೇಡ, ಇದು ಚರಿತ್ರೆ ಎಂದರು ಅವರು. ಮೇಷ್ಟ್ರು ನನ್ನ ಕೈಯಿಂದ ಅದನ್ನು ಕಿತ್ತುಕೊಂಡು ತಳ ನೋಡಿ, ಕತ್ತರಿ ಗುರುತುಗಳ ಮೇಲೆ ಬೆರಳಾಡಿಸಿ, ಕಣ್ಣಲ್ಲಿ ನೀರು ತಂದುಕೊಂಡರು. ಆದಿಮಾನವನ ಲಿಪಿ ಸಿಕ್ಕಿತು ಎಂದರು. ನಾನು ಬಾಯಿ ಮುಚ್ಚಿದೆ. ನನ್ನ ಅಕ್ಷರವನ್ನು ಅಷ್ಟು ಗೌರವದಿಂದ ಯಾರೂ ನೋಡಿರಲಿಲ್ಲ.

ಆ ಸಂಜೆ ದವಡೆ ನಮ್ಮ ಮನೆಯ ಮೇಜಿನ ಮೇಲೆ, ಮಡಿಸಿದ ಟವೆಲಿನ ಮೇಲೆ ಕೂತಿತ್ತು. ಅತ್ತೆ ಒಳಗೆ ಬಂದರು, ಹೊಲಿಗೆಯ ಗಂಟನ್ನು ಕೆಳಗಿಟ್ಟರು, ಮೇಜಿನ ಕಡೆ ಒಮ್ಮೆ ನೋಡಿದರು.

"ನಿಮ್ಮ ಬಾಯಿ ಯಾಕೆ ಇಲ್ಲಿದೆ?" ಎಂದರು.

ಮಾವ ಕನಿಕರದಿಂದ ನಕ್ಕರು. ಇದು ನಲವತ್ತು ಸಾವಿರ ವರ್ಷದ್ದು, ನಿನಗೆ ಇದೆಲ್ಲ ತಿಳಿಯುವಂಥದ್ದಲ್ಲ ಎಂದು ಶುರುಮಾಡಿದರು. ಅತ್ತೆ ಕತ್ತರಿಯ ತುದಿಯಿಂದ ಒಂದೊಂದೇ ಹಲ್ಲು ತೋರಿಸಿದರು. ಬಸ್ಸಿನಲ್ಲಿ ನಿದ್ದೆಹೋಗಿ ಪಕ್ಕದವರ ಹೆಗಲಿಗೆ ಬಿದ್ದ ಹಾಗಿರುವ ಈ ಮುಂದಿನ ಹಲ್ಲು. ಮುಖ ತಿರುಗಿಸಿ ನಿಂತಿರುವ ಈ ಕೋರೆ. ಅದರಾಚೆಗೆ ಬಾಯಿಪಾಠ ಮರೆತ ಹಾಗೆ ಈ ಖಾಲಿ ಜಾಗ. ಮದುವೆಯಾದಾಗಿನಿಂದ ದಿನಕ್ಕೆ ಹದಿನಾರು ಗಂಟೆ ನಾನು ಇದನ್ನೇ ನೋಡಿಕೊಂಡು ಕೂತಿದ್ದವಳು, ನನಗೆ ಗುರುತು ಸಿಗದೆ ಇನ್ಯಾರಿಗೆ ಸಿಗಬೇಕು ಎಂದರು.

ಮಾವ ಈ ಸಲ ನಗಲಿಲ್ಲ. ಎದ್ದು ನಿಂತರು. ಕನ್ನಡಿ ತಂದರು, ಸೆಟ್ಟು ತೆಗೆದು ಬೋಳು ಒಸಡು ನೋಡಿಕೊಂಡರು, ದವಡೆ ನೋಡಿದರು. ಹಳೆಯ ಮದುವೆ ಫೋಟೋ ಇಳಿಸಿ ಅದರಲ್ಲಿ ನಗುತ್ತಿದ್ದ ತಮ್ಮ ಬಾಯಿ ನೋಡಿದರು. ಅಲ್ಲೂ ಅದೇ ಹಲ್ಲು ನಿದ್ದೆ ಮಾಡುತ್ತಿತ್ತು.

ಅವರಿಗೆ ಸತ್ಯ ಹೊಳೆಯಿತು. ಮಾವನ ತಲೆಯಲ್ಲಿ ಹೊಳೆಯುವ ಸತ್ಯ ಬೇರೆಯವರದರ ಹಾಗಿರುವುದಿಲ್ಲ.

"ಅವನು ನನ್ನ ಮೂಲಪುರುಷ ಕಣೇ," ಎಂದರು.

ನಾನು ಒಲೆಯ ಹತ್ತಿರದಿಂದ, ಮಾವ, ಅದು ಕ್ಲಿನಿಕ್ಕಿಂದು, ಪ್ಲಾಸ್ಟರ್ರು ಎಂದೆ. ಆದರೆ ಅವರು ಆಗಲೇ ಫೋಟೋ, ದವಡೆ ಎತ್ತಿಕೊಂಡು, ಚಪ್ಪಲಿ ಮೆಟ್ಟಿಕೊಂಡು ಡಾಕ್ಟರ ಮನೆಯ ಕಡೆ ಓಡುತ್ತಿದ್ದರು. ಅತ್ತೆ ನನ್ನ ಮುಖ ನೋಡಿದರು. ಪ್ಲಾಸ್ಟರ್ರಾ ಎಂದು ಕೇಳಿದರು. ಹೌದು ಎಂದೆ. ಹೋಗಲಿ ಬಿಡು, ಅಲ್ಲೇ ಹೇಳ್ತಾರೆ ಎಂದು ಮೆಷಿನ್ನಿಗೆ ದಾರ ಪೋಣಿಸಿದರು.

ಅಲ್ಲಿ ಯಾರೂ ಹೇಳಲಿಲ್ಲ. ಡಾಕ್ಟರು ಫೋಟೋ ನೋಡಿದರು, ದವಡೆ ನೋಡಿದರು, ಮಾವನನ್ನು ಕುರ್ಚಿಯಲ್ಲಿ ಕೂರಿಸಿ ಟಾರ್ಚು ಬಿಟ್ಟು ಒಸಡು ನೋಡಿದರು. ಈ ಹಲ್ಲುಗಳನ್ನು ನನ್ನ ಇದೇ ಕೈಯಿಂದ ಕಿತ್ತಿದ್ದೇನೆ, ಅದೇ ತಿರುವು, ಅದೇ ಖಾಲಿ ಜಾಗ, ನಲವತ್ತು ಸಾವಿರ ವರ್ಷದಲ್ಲಿ ಒಂದು ಕೂದಲೆಳೆ ವ್ಯತ್ಯಾಸವಾಗಿಲ್ಲ ಎಂದು ಬೆರಗಾದರು. ಎರಡೂ ಒಂದೇ ಆಗಿರಬಹುದು ಎಂದು ಯೋಚಿಸಲು ಏಳನೇ ಕ್ಲಾಸು ಸಾಕಿತ್ತು. ಡಾಕ್ಟರು ಅದಕ್ಕಿಂತ ಬಹಳ ಹೆಚ್ಚು ಓದಿದ್ದರು.

ಮರುದಿನದಿಂದ ಮಾವನ ಮೀಟರ್ ಓದುವಿಕೆ ಮನೆಗೆ ನಲವತ್ತು ನಿಮಿಷಕ್ಕೆ ಏರಿತು. ಮೊದಲು ಮೂಲಪುರುಷನ ವರ್ಣನೆ, ಆಮೇಲೆ ಮದುವೆ ಫೋಟೋ, ಆಮೇಲೆ ಸೆಟ್ಟು ತೆಗೆದು ಒಸಡಿನ ದರ್ಶನ. ಮೂರನೇ ಬೀದಿಯ ಮುದುಕಿ ಕಚೇರಿಗೆ ಹೋಗಿ, ಮೀಟರ್ ನಾವೇ ಓದಿ ಬರೆದುಕೊಡ್ತೀವಿ, ದಯವಿಟ್ಟು ಆ ಮನುಷ್ಯನ ಬಾಯಿ ನಮ್ಮ ಬಾಗಿಲಿಗೆ ಕಳಿಸಬೇಡಿ ಎಂದು ಅರ್ಜಿ ಕೊಟ್ಟಳು. ಗೋಡೆಯ ವಿಚಾರಕ್ಕೆ ಒಂಬತ್ತು ವರ್ಷದಿಂದ ಮಾತು ಬಿಟ್ಟಿದ್ದ ಮಾವನ ದೊಡ್ಡಪ್ಪನ ಮಗ ತಾವಾಗಿ ಮನೆಗೆ ಬಂದರು. ಮೂಲಪುರುಷ ಇಬ್ಬರಿಗೂ ಸೇರಿದವನು, ಚೀಟಿಯಲ್ಲಿ ತನ್ನ ಹೆಸರೂ ಬರಬೇಕು ಎಂದರು. ಪುರಾವೆಗೆ ಬಾಯಿ ತೆರೆದರು. ಅವರ ಹಲ್ಲು ಒಂದೂ ಓರೆಯಾಗದೆ ಮುತ್ತಿನ ಹಾಗೆ ಕೂತಿದ್ದವು. ನೀನು ನಮ್ಮ ವಂಶದವನೇ ಅಲ್ಲ ಅಂತ ನಂಗೆ ಮೊದಲಿಂದ ಅನುಮಾನ ಇತ್ತು ಎಂದು ಮಾವ ಬಾಗಿಲು ಹಾಕಿಕೊಂಡರು.

ಸಂಘದವರು ಆದಿಮಾನವನ ಸ್ವಭಾವವನ್ನೂ ಲೆಕ್ಕಹಾಕಿದರು. ದವಡೆ ಸವೆದ ರೀತಿ ನೋಡಿದರೆ ಅವನು ಬೇಟೆಗಾರನಲ್ಲ, ಬೇರೆಯವರು ತಂದದ್ದನ್ನು ತಿನ್ನುತ್ತಿದ್ದವನು. ಮಿದುಳು ನಿಂಬೆಹಣ್ಣಿನಷ್ಟು. ಗುಂಪಿಗೆ ಅವನಿಂದ ಉಪಯೋಗವಿರಲಿಲ್ಲ, ಬಹುಶಃ ಗುಂಪೇ ಅವನನ್ನು ಗುಂಡಿಗೆ ತಳ್ಳಿತು. ಇದನ್ನೆಲ್ಲ ಮೇಷ್ಟ್ರು ಬಣ್ಣದಲ್ಲಿ ಬರೆದರು. ಚಿತ್ರದಲ್ಲಿ ಇಳಿಹಣೆಯ ಒಬ್ಬ ಮನುಷ್ಯ ಬಾಯಿ ತೆರೆದುಕೊಂಡು ಆಕಾಶ ನೋಡುತ್ತಿದ್ದ. ಮಾವ ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಪ್ರೆಸ್ಸಿನವರು ಆ ಫೋಟೋ ಹಾಕಿ ಮುನ್ನೂರು ಆಮಂತ್ರಣ ಮುದ್ರಿಸಿದರು. ಕಾರ್ಡು ನೋಡಿದ ಅತ್ತೆ, ಇಬ್ಬರಲ್ಲಿ ಯಾರು ಯಾರು ಅಂತ ಕೆಳಗೆ ಬರೀಬೇಕಿತ್ತು ಎಂದರು.

ಪ್ರದರ್ಶನಕ್ಕೆ ನಾಲ್ಕು ದಿನ ಇರುವಾಗ ಡಾಕ್ಟರಿಗೆ ಇನ್ನೊಂದು ಯೋಚನೆ ಬಂತು. ಮೂಲಪುರುಷನ ದವಡೆಯ ಪಕ್ಕ ವಂಶಸ್ಥನ ದವಡೆ ಇಟ್ಟರೆ ನೋಡುವವರಿಗೆ ಅನುಕೂಲ. ನಿನ್ನ ಮಾವನ ಹಳೆ ಅಚ್ಚು ಕಪಾಟಿನಲ್ಲಿರಬೇಕು, ಸಭೆಗೆ ತಗೊಂಡು ಬಾ ಎಂದರು.

ತಂದೆ. ಹನ್ನೊಂದು ಜನ ಮೇಜಿನ ಸುತ್ತ ಕೂತಿದ್ದರು. ಮಾವ ಟೀ ಹಂಚುತ್ತಿದ್ದರು. ನಾನು ಮೇಲಿನ ದವಡೆಯ ಅಚ್ಚನ್ನು ಮೇಜಿನ ಮೇಲಿಟ್ಟೆ.

"ಇದು ಮೇಲಿಂದಲ್ವಾ? ಕೆಳಗಿಂದು ಎಲ್ಲಿ?" ಎಂದರು ಡಾಕ್ಟರು.

"ಅದಿಲ್ಲ ಡಾಕ್ಟರೇ. ಗೋಡೆ ಒಡೆದಾಗ ನೀವೇ ಹಳೇದನ್ನೆಲ್ಲ ಬಿಸಾಕಿ ಅಂದ್ರಿ. ಕೆಳಗಿನ ಸಾಲಿಂದೆಲ್ಲ ಲಾರೀಲಿ ಹೋಯ್ತು."

"ಎಲ್ಲಿಗೆ ಹೋಯ್ತು?"

"ಕ್ವಾರಿ ಗುಂಡಿಗೆ."

ಕೆಳಗೆ ಇಸ್ತ್ರಿಯವನು ನೀರು ಚಿಮುಕಿಸುವುದು ಕೇಳಿಸಿತು. ಮೇಷ್ಟ್ರಿಗೆ ಕೈ ಸುಮ್ಮನಿರುವುದಿಲ್ಲ. ಅವರು ಟೀ ಕುಡಿಯುತ್ತಲೇ ಬಿಳಿಯ ಮೇಲ್ದವಡೆಯನ್ನೆತ್ತಿ ಕಂದು ಕೆಳದವಡೆಯ ಮೇಲಿಟ್ಟರು. ಟಕ್ ಎಂದು ಕೂತಿತು. ಡಬ್ಬಿಗೆ ಅದರದೇ ಮುಚ್ಚಳ ಕೂತ ಹಾಗೆ. ನಲವತ್ತು ಸಾವಿರ ವರ್ಷದ ಹಲ್ಲುಗಳು ಎರಡು ವರ್ಷದ ಹಲ್ಲುಗಳನ್ನು ಒಂದೂ ಸಂದು ಬಿಡದೆ ಕಚ್ಚಿಕೊಂಡವು.

ಲಿಪಿ ಎಂದರು ಮೇಷ್ಟ್ರು, ಸಣ್ಣ ದನಿಯಲ್ಲಿ. ಅದು ನಾನು ಮೊಳೆಯಿಂದ ಗೀರಿದ್ದು ಮೇಷ್ಟ್ರೇ ಎಂದೆ. ಅವರು ಲೋಟ ಕೆಳಗಿಟ್ಟರು.

ಡಾಕ್ಟರು ತಮ್ಮ ನಾಲಿಗೆಯನ್ನು ತುಟಿಯ ಮೇಲೆ ಆಡಿಸಿಕೊಂಡರು. ಪ್ಲಾಸ್ಟರೂ ಎಂಜಲು ಹೀರುತ್ತದೆ, ಪ್ಲಾಸ್ಟರೂ ನಾಲಿಗೆ ಹಿಡಿಯುತ್ತದೆ ಎಂಬುದು ಅವರಿಗೆ ಆ ಕ್ಷಣದಲ್ಲಿ ತಿಳಿಯಿತೆಂದು ಕಾಣುತ್ತದೆ. ಹನ್ನೆರಡು ವರ್ಷದಲ್ಲಿ ಒಮ್ಮೆ ಕೈ ಹಾಕಿದ್ದರೆ ಮೊದಲೇ ತಿಳಿಯುತ್ತಿತ್ತು.

ಅತಿಥಿ ಸದಸ್ಯರು ಹೊರಗಿರಬೇಕು, ಸಂಘ ಚರ್ಚಿಸಬೇಕಿದೆ ಎಂದರು. ಮಾವನನ್ನೂ ನನ್ನನ್ನೂ ಮೆಟ್ಟಿಲಿಗೆ ಕಳಿಸಿದರು. ಮಾವ ಟೀ ತಟ್ಟೆ ಹಿಡಿದುಕೊಂಡೇ ಮೆಟ್ಟಿಲ ಮೇಲೆ ಕೂತರು. ಆಮೇಲೆ ನನ್ನ ಕಡೆ ತಿರುಗಿದರು.

"ಮೂರು ಗುರುತು ಯಾಕೆ ಹಾಕಿದ್ದೆ ಮಗೂ?"

"ಬಾಯಲ್ಲಿ ತಟ್ಟೆ ಇಟ್ಟಾಗಲೂ ನೀವು ಮಾತಾಡ್ತಾನೇ ಇದ್ರಿ ಮಾವ. ಮೂರು ಸಲ ಕೆಟ್ಟುಹೋಯ್ತು."

"ಹೌದೇನು," ಎಂದರು. "ನಾಳೆಯಿಂದ ಇಲ್ಲಿಗೆ ಬರೋ ಹಾಗಿಲ್ಲ ಅಲ್ವಾ."

ಬಾಗಿಲಾಚೆ ಏನು ನಡೆಯುತ್ತಿದೆ ಎಂಬುದು ಚೆನ್ನಾಗಿಯೇ ಕೇಳಿಸುತ್ತಿತ್ತು. ಸತ್ಯ ಹೇಳಿಬಿಡೋಣ ಎಂದರು ಒಬ್ಬರು. ಸತ್ಯ ಹೇಳಿದರೆ ನಾವು ಹನ್ನೊಂದು ಜನ ಒಬ್ಬ ಮೀಟರ್ ಓದುವವನ ಬಾಯಿ ನೆಕ್ಕಿದೆವು ಅಂತ ಹೇಳಿದ ಹಾಗೆ ಎಂದರು ಇನ್ನೊಬ್ಬರು. ಅಧ್ಯಕ್ಷರು ಎರಡು ಸಲ ಎಂದು ಯಾರೋ ನೆನಪಿಸಿದರು. ಕಾರ್ಡು ಮುನ್ನೂರೂ ಹಂಚಿ ಆಗಿದೆ ಎಂದರು ಪ್ರೆಸ್ಸಿನವರು. ಮೇಷ್ಟ್ರು ತಮ್ಮ ಚಿತ್ರಕ್ಕೆ ಚೌಕಟ್ಟು ಹಾಕಿಸಿದ್ದರಂತೆ. ಕೊನೆಗೆ ಮತಕ್ಕೆ ಹಾಕಿದರು. ಆದಿಮಾನವನ ಪರವಾಗಿ ಹನ್ನೊಂದು ಮತ ಬಿತ್ತು. ವಿರೋಧವಾಗಿ ಒಂದೂ ಇಲ್ಲ. ವಿಜ್ಞಾನದಲ್ಲಿ ಇಷ್ಟೊಂದು ಒಮ್ಮತ ಅಪರೂಪ ಎಂದು ಡಾಕ್ಟರು ಹೇಳಿದ್ದೂ ಕೇಳಿಸಿತು.

ಬಾಗಿಲು ತೆರೆಯಿತು. ದವಡೆ ಪಳೆಯುಳಿಕೆಯೇ, ಆದ್ದರಿಂದ ಮಾವ ಕಾಯಂ ಸದಸ್ಯರೇ ಎಂದರು. ಬ್ಯಾಡ್ಜು ತೊಡಿಸಿದರು. ಕೈಯಿರುವ ಕುರ್ಚಿಯಲ್ಲಿ ಕೂರಿಸಿದರು. ಮಾವ ಜೇಬಿನಿಂದ ಭಾಷಣ ತೆಗೆದರು. ಡಾಕ್ಟರು ಆ ಕಾಗದವನ್ನು ಮೆಲ್ಲಗೆ ಮಡಿಸಿ ಅದೇ ಜೇಬಿಗೆ ವಾಪಸ್ಸು ಹಾಕಿದರು. ಮಾತಾಡುವ ಹಕ್ಕು ನಿಮಗೆ ಪೂರ್ತಿಯಾಗಿ ಇದೆ, ಆದರೆ ನೀವು ಬಾಯಿ ತೆರೆದರೆ ಪ್ಲಾಸ್ಟರಿನ ಮಾತೂ ಹೊರಬೀಳಬಹುದು, ಪ್ರದರ್ಶನದ ಮೂರು ದಿನವೂ ತುಟಿ ಬಿಚ್ಚಬಾರದು, ಬಿಚ್ಚಿದರೆ ಬ್ಯಾಡ್ಜು ವಾಪಸ್ಸು ಎಂದರು. ವಂಶಸ್ಥನ ವಿಷಯ ಚೀಟಿಯಿಂದ ತೆಗೆದುಹಾಕಿದರು. ನನಗೆ ಡಾಕ್ಟರು ಬೇರೆ ಏನೂ ಹೇಳಲಿಲ್ಲ. ಉಳಿದಿದ್ದ ಹಳೆ ಅಚ್ಚುಗಳನ್ನೆಲ್ಲ ಸುತ್ತಿಗೆಯಿಂದ ಪುಡಿಮಾಡಲು ಹೇಳಿದರು. ಮಾಡಿದೆ.

ಉದ್ಘಾಟನೆಗೆ ವಸ್ತುಸಂಗ್ರಹಾಲಯದ ಅಧಿಕಾರಿ ಬಂದರು. ಸಂಘದವರ ಮುಖ ಬಿಳಿಚಿತು. ಅಧಿಕಾರಿ ಗಾಜಿನ ಕಪಾಟಿನಿಂದ ಎರಡು ಮಾರು ದೂರದಲ್ಲೇ ನಿಂತರು. ಇದು ನಿಜವಾದ್ದಾದರೆ ನಾನು ವಶಕ್ಕೆ ತಗೋಬೇಕು, ಹದಿನಾಲ್ಕು ಫಾರಂ ತುಂಬಬೇಕು, ನನಗೆ ಮುಂದಿನ ತಿಂಗಳು ನಿವೃತ್ತಿ ಎಂದರು. ಇದು ನಿಜವಾದ್ದಾ ಎಂದು ಕೇಳಿದರು. ಹನ್ನೊಂದು ಜನ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು. ಹಾಗಾದರೆ ನಾನು ಇದನ್ನು ನೋಡಿಲ್ಲ ಎಂದು ಅಧಿಕಾರಿ ಬೆನ್ನು ತಿರುಗಿಸಿ, ಟೇಪು ಕತ್ತರಿಸಿ, ಬಿಸ್ಕತ್ತು ತಿಂದು ಹೋದರು.

ಮೂರು ದಿನವೂ ಜನ ಬಂದರು. ಮಾವನ ಬೀದಿಗಳವರೆಲ್ಲ ಬಂದರು. ಇಡೀ ಊರಿಗೆ ಕುಡಿಯುವ ನೀರಿನಷ್ಟು ಮಾತು ಕೊಟ್ಟ ಮನುಷ್ಯ ಕಪಾಟಿನ ಪಕ್ಕ ಬ್ಯಾಡ್ಜು ಹಾಕಿಕೊಂಡು, ತುಟಿ ಹೊಲಿದ ಹಾಗೆ ನಿಂತಿದ್ದರು. ಮಿದುಳು ನಿಂಬೆಹಣ್ಣಿನಷ್ಟಾ ಎಂದು ಜನ ಕೇಳಿದರೆ ತಲೆಯಾಡಿಸುತ್ತಿದ್ದರು. ಗುಂಪಿಗೆ ಇವನಿಂದ ಉಪಯೋಗ ಇರಲಿಲ್ವಾ ಎಂದರೆ ಇಲ್ಲ ಎಂದು ಕೈಯಾಡಿಸುತ್ತಿದ್ದರು. ಮೂರನೇ ಬೀದಿಯ ಮುದುಕಿ ಎರಡು ಸಲ ಬಂದಳು. ಎರಡನೇ ಸಲ ದವಡೆಯ ಕಡೆ ತಿರುಗಿಯೂ ನೋಡದೆ, ಅಪ್ಪಾ ಎಷ್ಟು ಚೆಂದ ಎಂದು ಮಾವನನ್ನೇ ನೋಡಿಕೊಂಡು ನಿಂತಳು.

ಕೊನೆಯ ದಿನ ಅತ್ತೆ ಬಂದರು. ಡಾಕ್ಟರು ಗಾಬರಿಯಿಂದ ಮುಂದೆ ಬಂದು, ಅಮ್ಮಾ, ದಯವಿಟ್ಟು ಎಂದರು. ಅತ್ತೆ ಅವರನ್ನು ಪಕ್ಕಕ್ಕೆ ಸರಿಸಿದರು. ನನ್ನ ದುಂಡಕ್ಷರದ ಚೀಟಿಯನ್ನು ಮೊದಲಿಂದ ಕೊನೆಯವರೆಗೆ ಓದಿದರು. ಗಾಜಿನೊಳಗೆ ಹತ್ತಿಯ ಮೇಲೆ ತೆರೆದುಕೊಂಡು ಮಲಗಿದ್ದ ದವಡೆಯನ್ನು ನೋಡಿದರು. ಆಮೇಲೆ ಪಕ್ಕದಲ್ಲಿ ನಿಂತ ಗಂಡನನ್ನು ನೋಡಿದರು. ಮಾವ ಏನೋ ಹೇಳಲು ಹೋಗಿ, ಬ್ಯಾಡ್ಜು ಮುಟ್ಟಿಕೊಂಡು, ನುಂಗಿಕೊಂಡರು.

"ಮೂವತ್ತೆರಡು ವರ್ಷದಲ್ಲಿ ಈ ಬಾಯಿ ಸುಮ್ಮನಿರೋದನ್ನ ಇವತ್ತೇ ನೋಡ್ತಿರೋದು," ಎಂದರು ಅತ್ತೆ. "ಇದಕ್ಕೆ ಗಾಜು ಹಾಕಿಸಬೇಕಿತ್ತು ಅಂತ ನಂಗೆ ಹೊಳೀಲೇ ಇಲ್ಲ."